ಓಟ, ಸೋಲು ಮತ್ತು ಸ್ಫೂರ್ತಿ: ಓಟಗಾರರನ್ನು ಕುರಿತ ಕೆಲವು ಚಲನಚಿತ್ರಗಳ ವಿವೇಚನೆ

1

ಸ್ಪರ್ಧೆಯ ಓಟವನ್ನು ವಸ್ತುವಾಗಿ ಉಳ್ಳ ಚಲನಚಿತ್ರಗಳನ್ನು ಕುರಿತು ಬರೆಯುವವರು ಮೊದಲು ಬಳಸುವ ವಿಶೇಷಣ ‘ಸ್ಫೂರ್ತಿದಾಯಕ’ ಎಂಬುದು. ಶಾಲೆ ಕಾಲೇಜುಗಳಲ್ಲಿ ಇಂಥ ಚಿತ್ರಗಳನ್ನು ಮಕ್ಕಳಿಗೆ ತೋರಿಸುವಾಗಲೂ, ಪತ್ರಿಕೆಗಳು ಅವುಗಳನ್ನು ಪರಿಚಯಿಸುವಾಗಲೂ ಈ ಪದ ತಪ್ಪದೆ ಬರುತ್ತದೆ. ಅತಿಯಾದ ಬಳಕೆಯಿಂದ ಅದು ವಿಮರ್ಶೆಯ ಪರಿಭಾಷೆಯಾಗಿ ಉಳಿಯದೆ ಪ್ರಶಂಸೆಯ ಒಂದು ಮುದ್ರೆಯಾಗಿಬಿಟ್ಟಿದೆ. ಸ್ಫೂರ್ತಿ ಎಂಬುದು ಪ್ರೇಕ್ಷಕನಲ್ಲಿ ಉಂಟಾಗುವ ಒಂದು ಪರಿಣಾಮವಾಗಿದ್ದರೆ, ಆ ಪರಿಣಾಮಕ್ಕೆ ಕೃತಿಯೊಳಗಿನ ಕಾರಣ ಯಾವುದು? ಗೆಲುವಿನ ದೃಶ್ಯವೇ? ಗೆಲುವಿಗೆ ಮುಂಚಿನ ಶ್ರಮವೇ? ಅಥವಾ ಸೋಲಿನ ಎದುರಿಗೆ ನಾಯಕನು ನಿಲ್ಲುವ ಬಗೆಯೇ? ಈ ಪ್ರಶ್ನೆಯನ್ನು ಕೆಲವು ಚಿತ್ರಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಕಾವ್ಯದ ಅಭ್ಯಾಸವುಳ್ಳವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ರನ್ನನ ‘ಸಾಹಸಭೀಮವಿಜಯ’ವು ಹೆಸರಿನಿಂದಲೇ ಭೀಮನ ವಿಜಯದ ಕಾವ್ಯ, ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸುವ ಉದ್ದೇಶದಿಂದ ರಚಿತವಾದುದು. ಆದರೂ ಆ ಕಾವ್ಯವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ನಿಲ್ಲುವವನು ಗೆದ್ದ ಭೀಮನಲ್ಲ, ಎಲ್ಲರನ್ನೂ ಕಳೆದುಕೊಂಡು ರಣಭೂಮಿಯಲ್ಲಿ ಒಬ್ಬಂಟಿಯಾಗಿ ನಡೆಯುವ ದುರ್ಯೋಧನ. ಪಂಪನ ಕಾವ್ಯದ ನಾಯಕ ಅರ್ಜುನನಾದರೂ ಓದುಗನ ನೆನಪಿನಲ್ಲಿ ಕರ್ಣನಿಗೆ ದೊರೆಯುವ ಸ್ಥಾನ ಬೇರೆಯೇ ಆದದ್ದು. ಸೋಲನ್ನು ಸೋಲಾಗಿಯೇ ಉಳಿಸಿ, ಸೋತವನ ಛಲವನ್ನು ಗೌರವಿಸುವ ಈ ಪರಂಪರೆ ನಮ್ಮ ಕೈಯಲ್ಲಿ ಒಂದು ಒರೆಗಲ್ಲನ್ನು ಇಟ್ಟಿದೆ. ಓಟದ ಚಿತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದಾಗ, ಅವುಗಳಲ್ಲಿ ಹಲವು ಸೋಲನ್ನು ಸಹಿಸಲಾರದೆ ಅದನ್ನು ಬೇರೊಂದಾಗಿ ಪರಿವರ್ತಿಸುತ್ತವೆ ಎಂಬುದೂ, ಸೋಲನ್ನು ಅದರ ಪಾಡಿಗೆ ಬಿಟ್ಟ ಚಿತ್ರಗಳೇ ಹೆಚ್ಚು ಕಾಲ ನಮ್ಮೊಡನೆ ಉಳಿಯುತ್ತವೆ ಎಂಬುದೂ ಸ್ಪಷ್ಟವಾಗುತ್ತದೆ.

2

ಮೊದಲಿಗೆ ಮಾಧ್ಯಮದ ಒಂದು ತೊಡಕನ್ನು ಗಮನಿಸಬೇಕು. ಕಥನದ ದೃಷ್ಟಿಯಿಂದ ಓಟದಷ್ಟು ಬಡವಾದ ಕ್ರೀಡೆ ಇನ್ನೊಂದಿಲ್ಲ. ಕುಸ್ತಿಯಲ್ಲಿ ಎದುರಾಳಿಯ ಮೈ ಇದೆ, ಪಟ್ಟು ಪ್ರತಿಪಟ್ಟುಗಳಿವೆ. ಕ್ರಿಕೆಟ್ಟಿನಲ್ಲಿ ಹನ್ನೊಂದು ಮಂದಿಯ ಸಂಬಂಧಗಳಿವೆ, ದಿನವಿಡೀ ಏರಿಳಿಯುವ ಅದೃಷ್ಟವಿದೆ. ಓಟದಲ್ಲಾದರೋ ಇರುವುದು ಒಂದು ದೇಹ, ಒಂದು ಗೆರೆ ಮತ್ತು ಒಂದು ಗಡಿಯಾರ. ನೂರು ಮೀಟರ್ ಓಟ ಹತ್ತು ಸೆಕೆಂಡುಗಳ ಸುಮಾರಿಗೆ ಮುಗಿಯುತ್ತದೆ. ಅದರ ಒಳಗೆ ಸಂಭಾಷಣೆಗೂ ತಿರುವಿಗೂ ಅವಕಾಶವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಕಾರಣವನ್ನು ಕುರಿತದ್ದು. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಅಂತಿಮ ಓಟದಲ್ಲಿ ಆರು ಮಂದಿ ಓಡಿದರು. ಅಮೆರಿಕದ ಓಟಿಸ್ ಡೇವಿಸ್ ಮತ್ತು ಜರ್ಮನಿಯ ಕಾರ್ಲ್ ಕೌಫ್‌ಮನ್ ಇಬ್ಬರೂ 44.9 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ದಕ್ಷಿಣ ಆಫ್ರಿಕದ ಮಾಲ್ಕಂ ಸ್ಪೆನ್ಸ್ 45.5 ಸೆಕೆಂಡುಗಳಲ್ಲಿ ಮೂರನೆಯವರಾದರು. ಮಿಲ್ಖಾ ಸಿಂಗ್ 45.6 ಸೆಕೆಂಡುಗಳಲ್ಲಿ ನಾಲ್ಕನೆಯವರಾದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ತಡೆ ಓಟದಲ್ಲಿ ಪಿ. ಟಿ. ಉಷಾ ಅವರಿಗೂ ಕಂಚಿನ ಪದಕಕ್ಕೂ ನಡುವೆ ಇದ್ದ ಅಂತರ ಒಂದು ಸೆಕೆಂಡಿನ ನೂರನೆಯ ಒಂದು ಭಾಗ. ಈ ಹತ್ತನೆಯ, ನೂರನೆಯ ಭಾಗಗಳನ್ನು ಗಡಿಯಾರ ಅಳೆಯುತ್ತದೆ. ಅವು ಏಕೆ ಉಂಟಾದವು ಎಂಬುದನ್ನು ಅದು ಹೇಳುವುದಿಲ್ಲ. ಗಾಳಿಯೋ, ನಿದ್ರೆಯೋ, ಹೆಜ್ಜೆಯ ಒಂದು ತಪ್ಪು ಲೆಕ್ಕವೋ ಇರಬಹುದು. ಕಥೆಗಾದರೆ ಇಷ್ಟು ಸಣ್ಣ ಕಾರಣ ಸಾಲದು. ಫಲ ದೊಡ್ಡದಾದಾಗ ಕಾರಣವೂ ದೊಡ್ಡದಾಗಿರಬೇಕೆಂದು ಕಥೆ ಬಯಸುತ್ತದೆ. ಆದ್ದರಿಂದ ಓಟದ ಚಿತ್ರವು ಓಟದ ಹೊರಗಿನಿಂದ ಕಾರಣವನ್ನು ತರುತ್ತದೆ: ದೇಶ, ಧರ್ಮ, ಬಾಲ್ಯದ ಗಾಯ, ಬಡತನ, ಅವಮಾನ. ಹೀಗೆ ತಂದ ಕಾರಣವು ಓಟದೊಳಗೆ ಎಷ್ಟರ ಮಟ್ಟಿಗೆ ಬೆರೆಯುತ್ತದೆ, ಎಷ್ಟರ ಮಟ್ಟಿಗೆ ಅದರ ಮೇಲೆ ಹೇರಿದ ಹೊರೆಯಾಗುತ್ತದೆ ಎಂಬುದರ ಮೇಲೆ ಚಿತ್ರದ ಯೋಗ್ಯತೆ ನಿಂತಿದೆ.

3

ಈ ಬಗೆಯ ಚಿತ್ರಗಳಿಗೆ ಇಂದಿಗೂ ಮಾದರಿಯೆನಿಸಿರುವುದು ಹ್ಯೂ ಹಡ್ಸನ್ ನಿರ್ದೇಶಿಸಿದ ‘ಚಾರಿಯಟ್ಸ್ ಆಫ್ ಫೈರ್’ (1981). 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಗೆದ್ದ ಹೆರಾಲ್ಡ್ ಅಬ್ರಹಾಮ್ಸ್ ಮತ್ತು 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಗೆದ್ದ ಎರಿಕ್ ಲಿಡೆಲ್ ಇದರ ಇಬ್ಬರು ನಾಯಕರು. ಮೊದಲನೆಯವನು ಯೆಹೂದಿ; ಕೇಂಬ್ರಿಜ್ಜಿನ ಆಂಗ್ಲ ಕುಲೀನರ ನಡುವೆ ತನ್ನ ಸ್ಥಾನವನ್ನು ಸಾಧಿಸಿ ತೋರಿಸಬೇಕೆಂಬ ಕಿಚ್ಚಿನಿಂದ ಓಡುವವನು. ಎರಡನೆಯವನು ಸ್ಕಾಟ್ಲೆಂಡಿನ ಮಿಷನರಿ ಮನೆತನದವನು; ಓಟವನ್ನು ದೇವರಿಗೆ ಸಲ್ಲಿಸುವ ಸೇವೆಯೆಂದು ಬಗೆದು, ಭಾನುವಾರ ಓಡಲಾರೆನೆಂದು ತನಗೆ ಪ್ರಿಯವಾದ 100 ಮೀಟರ್ ಓಟವನ್ನೇ ತೊರೆದವನು.

ಚಿತ್ರದ ಅತ್ಯಂತ ಪ್ರಸಿದ್ಧ ಭಾಗ ಅದರ ಆರಂಭ. ಬಿಳಿಯುಡುಪಿನ ಯುವಕರು ಕಡಲ ದಂಡೆಯಲ್ಲಿ ನಿಧಾನಗತಿಯಲ್ಲಿ ಓಡುತ್ತಾರೆ. ವ್ಯಾಂಜೆಲಿಸ್ ಅವರ ಸಂಗೀತ ಅವರ ಹೆಜ್ಜೆಯ ಸದ್ದಿನ ಜಾಗದಲ್ಲಿ ಕೇಳಿಬರುತ್ತದೆ. ವೇಗವನ್ನು ಕುರಿತ ಚಿತ್ರವು ವೇಗವನ್ನು ಕುಗ್ಗಿಸಿಯೇ ತನ್ನ ಮಾತನ್ನು ಹೇಳುತ್ತದೆ ಎಂಬುದು ವಿಚಾರಾರ್ಹ. ಕಣ್ಣಿಗೆ ನಿಲುಕದ ಹತ್ತು ಸೆಕೆಂಡನ್ನು ಹಿಗ್ಗಿಸಿ, ದೇಹದ ಪ್ರತಿಯೊಂದು ಚಲನೆಯಲ್ಲೂ ಅರ್ಥವನ್ನು ತುಂಬುವ ತಂತ್ರ ಇದು. ಅನಂತರದ ಓಟದ ಚಿತ್ರಗಳೆಲ್ಲ ಈ ತಂತ್ರವನ್ನು ಎರವಲು ಪಡೆದು, ಕಡೆಗೆ ಅದೊಂದು ಅಭ್ಯಾಸವಾಗಿ ಉಳಿಯಿತು. ಮೂಲದಲ್ಲಿ ಮಾತ್ರ ಅದಕ್ಕೊಂದು ಔಚಿತ್ಯವಿದೆ. ಚಿತ್ರದ ಹೊರಚೌಕಟ್ಟು 1978ರಲ್ಲಿ ಅಬ್ರಹಾಮ್ಸರ ಸ್ಮರಣಾರ್ಥ ನಡೆದ ಪ್ರಾರ್ಥನಾಸಭೆ. ಕಡಲ ದಂಡೆಯಲ್ಲಿ ಓಡುವವರು ನೆನಪಿನಲ್ಲಿ ಓಡುವವರು. ನೆನಪಿಗೆ ಗಡಿಯಾರದ ಕಾಟವಿಲ್ಲ.

ಇನ್ನು ಸೋಲಿನ ವಿಷಯ. ಚಿತ್ರದಲ್ಲಿ ಅಬ್ರಹಾಮ್ಸ್ ಮೊದಲು 200 ಮೀಟರ್ ಓಟದಲ್ಲಿ ಅಮೆರಿಕನ್ನರ ಎದುರು ಸೋಲುತ್ತಾನೆ; ಆ ಬಳಿಕ 100 ಮೀಟರ್ ಓಟವನ್ನು ತನ್ನ ಕೊನೆಯ ಅವಕಾಶವೆಂದು ಓಡಿ ಗೆಲ್ಲುತ್ತಾನೆ. ಇತಿಹಾಸದಲ್ಲಿ ನಡೆದ ಕ್ರಮ ಇದರ ವಿಪರ್ಯಾಸ. 100 ಮೀಟರ್ ಮೊದಲು ನಡೆಯಿತು, 200 ಮೀಟರ್ ಅನಂತರ ನಡೆಯಿತು. ಆ ಎರಡನೆಯ ಓಟದಲ್ಲಿ ಅಬ್ರಹಾಮ್ಸ್ ಕೊನೆಯವರಾಗಿ ಆರನೆಯ ಸ್ಥಾನಕ್ಕೆ ಇಳಿದರು. ಅದೇ ಓಟದಲ್ಲಿ ಲಿಡೆಲ್ ಮೂರನೆಯವರಾಗಿ ಕಂಚಿನ ಪದಕ ಪಡೆದರು. ಚಿತ್ರ ಇದನ್ನು ಬಿಟ್ಟುಬಿಡುತ್ತದೆ. ಕಲಾಕೃತಿಗೆ ಇಂಥ ಸ್ವಾತಂತ್ರ್ಯವಿಲ್ಲವೆಂದು ಇಲ್ಲಿನ ವಾದವಲ್ಲ. ಪಂಪರನ್ನರೂ ವ್ಯಾಸರ ಕಥೆಯನ್ನು ತಿದ್ದಿದವರೇ. ತಿದ್ದುಪಡಿಯ ದಿಕ್ಕು ಮಾತ್ರ ಗಮನಾರ್ಹ. ಗೆದ್ದವನು ಎರಡು ದಿನಗಳ ಬಳಿಕ ಸೋತ ಎಂಬುದು ಬದುಕಿನ ಕ್ರಮ; ಸೋತವನು ಕೊನೆಗೆ ಗೆದ್ದ ಎಂಬುದು ಸ್ಫೂರ್ತಿಯ ಕ್ರಮ. ಚಿತ್ರಕಥೆ ಬರೆದ ಕಾಲಿನ್ ವೆಲ್ಲಂಡ್ ಎರಡನೆಯದನ್ನು ಆರಿಸಿಕೊಂಡರು.

ಹಾಗೆಂದು ಈ ಚಿತ್ರವನ್ನು ಸರಳ ವಿಜಯಗಾಥೆಯೆಂದು ತಳ್ಳಿಹಾಕುವಂತಿಲ್ಲ. ಅದರ ಶ್ರೇಷ್ಠ ಕ್ಷಣಗಳು ಗೆಲುವಿನ ಬದಿಯ ಮೌನದಲ್ಲಿವೆ. ಸಂಬಳಕ್ಕೆ ಕಲಿಸುವ ತರಬೇತುದಾರನೆಂಬ ಕಾರಣಕ್ಕೆ ಸ್ಯಾಮ್ ಮುಸಬಿನಿ ಕ್ರೀಡಾಂಗಣದಿಂದ ಹೊರಗುಳಿದಿದ್ದಾನೆ. ತನ್ನ ಶಿಷ್ಯನ ಗೆಲುವು ಅವನಿಗೆ ತಿಳಿಯುವುದು ಹೋಟೆಲಿನ ಕೋಣೆಯ ಕಿಟಕಿಯಿಂದ, ಏರುತ್ತಿರುವ ಧ್ವಜವನ್ನು ಕಂಡು. ಒಬ್ಬನೇ ನಿಂತು ತನ್ನ ಟೋಪಿಗೆ ಮುಷ್ಟಿಯಿಂದ ಗುದ್ದಿ ತೂತು ಮಾಡುವ ಆ ಮುದುಕನ ಸಂತೋಷದಲ್ಲಿ ಒಂದು ಬಹಿಷ್ಕಾರದ ನೋವೂ ಸೇರಿದೆ. ಹಾಗೆಯೇ ಗೆದ್ದ ಅಬ್ರಹಾಮ್ಸ್ ಉಡುಪು ಬದಲಿಸುವ ಕೋಣೆಯಲ್ಲಿ ಯಾರೊಡನೆಯೂ ಮಾತನಾಡದೆ ಕುಳಿತಾಗ, ಗೆಳೆಯರು ಅವನನ್ನು ಅವನ ಪಾಡಿಗೆ ಬಿಡುತ್ತಾರೆ. ಗೆಲುವೂ ನುಂಗಲು ಕಷ್ಟವಾದುದೆಂಬ ಅರಿವು ಅಲ್ಲಿದೆ. ಸೋಲನ್ನು ಹಿಂದಕ್ಕೆ ಸರಿಸಿದ ಚಿತ್ರವು ಅದರ ನೆರಳನ್ನು ಗೆಲುವಿನ ಮೇಲೆ ಬೀಳಲು ಬಿಟ್ಟಿದೆ. ನಾಲ್ಕು ಆಸ್ಕರ್ ಪ್ರಶಸ್ತಿಗಳಿಗಿಂತ ಈ ನೆರಳೇ ಚಿತ್ರವನ್ನು ಕಾಪಾಡಿದೆ.

4

ರಾಕೇಶ್ ಓಂಪ್ರಕಾಶ್ ಮೆಹ್ರಾ ನಿರ್ದೇಶಿಸಿ, ಪ್ರಸೂನ್ ಜೋಶಿ ಬರೆದ ‘ಭಾಗ್ ಮಿಲ್ಖಾ ಭಾಗ್’ (2013) ನಮ್ಮ ದೇಶದಲ್ಲಿ ಈ ವರ್ಗದ ಅತ್ಯಂತ ಜನಪ್ರಿಯ ಚಿತ್ರ. ಇದು ಆರಂಭವಾಗುವುದೇ ಸೋಲಿನಿಂದ. ರೋಮ್‌ನ ಕಣದಲ್ಲಿ ಮಿಲ್ಖಾ ಓಡುತ್ತಿರುವಾಗ ತರಬೇತುದಾರನ ಕೂಗು ಕಿವಿಗೆ ಬೀಳುತ್ತದೆ. ಆ ಕೂಗು ದೇಶವಿಭಜನೆಯ ದಿನ ತಂದೆ ಕೊನೆಯದಾಗಿ ಕೂಗಿದ ಮಾತಾಗಿ ಮಾರ್ಪಡುತ್ತದೆ. ಓಟಗಾರ ಹಿಂತಿರುಗಿ ನೋಡುತ್ತಾನೆ, ಸೋಲುತ್ತಾನೆ. ಅಲ್ಲಿಂದ ಮುಂದೆ ಮೂರು ಗಂಟೆಗೂ ಮೀರಿದ ಚಿತ್ರವು ತರಬೇತುದಾರ ಹೇಳುವ ಕಥೆಯಾಗಿ, ಆ ಹಿಂತಿರುಗಿದ ನೋಟಕ್ಕೆ ಕಾರಣವನ್ನು ಒದಗಿಸುತ್ತ ಹೋಗುತ್ತದೆ.

ಇಲ್ಲಿಯ ಕಲ್ಪನೆ ಬಲವಾದದ್ದೆಂಬುದನ್ನು ಒಪ್ಪಬೇಕು. ಜೀವ ಉಳಿಸಿಕೊಳ್ಳಲು ಓಡುವುದು, ಹಾಲು ಮೊಟ್ಟೆಗಾಗಿ ಓಡುವುದು, ದಾಖಲೆಗಾಗಿ ಓಡುವುದು ಎಂಬ ಮೂರು ಓಟಗಳನ್ನು ಚಿತ್ರ ಒಂದರ ಮೇಲೊಂದು ಹೆಣೆಯುತ್ತದೆ. ಸೈನ್ಯದಲ್ಲಿ ಓಡುವವರಿಗೆ ಒಂದು ಲೋಟ ಹಾಲು ಮತ್ತು ಎರಡು ಮೊಟ್ಟೆ ಸಿಗುತ್ತದೆಂದು ಕೇಳಿ ಓಟಕ್ಕೆ ನಿಲ್ಲುವ ಯುವಕನ ಪ್ರಸಂಗದಲ್ಲಿ ಆದರ್ಶದ ಸೋಗಿಲ್ಲ, ಹಸಿವಿನ ಸತ್ಯವಿದೆ. ಫರ್ಹಾನ್ ಅಖ್ತರ್ ಪಾತ್ರಕ್ಕಾಗಿ ರೂಢಿಸಿಕೊಂಡ ದೇಹವೂ ಈ ಶ್ರಮದ ಕಥೆಗೆ ಸಾಕ್ಷಿಯಾಗುತ್ತದೆ.

ಆಕ್ಷೇಪ ಇರುವುದು ಚಿತ್ರದ ಕಾರಣಮೀಮಾಂಸೆಯನ್ನು ಕುರಿತು. ರೋಮ್ ಓಟದ ಮಧ್ಯದಲ್ಲಿ ತಾವು ವೇಗವನ್ನು ತಗ್ಗಿಸಿದ್ದೇ ತಪ್ಪಾಯಿತೆಂದು ಮಿಲ್ಖಾ ಸಿಂಗ್ ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಅದು ಓಟಗಾರನೊಬ್ಬನ ಮಾತು. ತನ್ನ ಕಸುಬಿನೊಳಗಿನ ಒಂದು ತಪ್ಪನ್ನು ಕಸುಬಿನ ಭಾಷೆಯಲ್ಲೇ ಒಪ್ಪಿಕೊಳ್ಳುವ ಮಾತು. ಚಿತ್ರಕ್ಕೆ ಇಷ್ಟು ಸಾಕಾಗುವುದಿಲ್ಲ. ಅದು ಸೋಲನ್ನು ಓಟಗಾರನ ಕೈಯಿಂದ ತೆಗೆದು ಇತಿಹಾಸದ ಕೈಗೆ ಒಪ್ಪಿಸುತ್ತದೆ. ಸೋತವನು ಮಿಲ್ಖಾ ಅಲ್ಲ, ವಿಭಜನೆಯ ಗಾಯ ಎಂದಾಗ ಸೋಲಿನ ಗೌರವವೇ ಇಲ್ಲವಾಗುತ್ತದೆ. ತನ್ನ ಸೋಲಿಗೆ ತಾನೇ ಹೊಣೆಯೆಂದು ನಿಲ್ಲುವವನಲ್ಲಿ ಕಾಣುವ ಧೀರತೆ, ಸೋಲಿಗೆ ಕ್ಷಮಾಪಣೆಯನ್ನು ಒದಗಿಸಿದವನಲ್ಲಿ ಕಾಣದು.

ಇದರ ಮುಂದಿನ ಹೆಜ್ಜೆಯೇ ಚಿತ್ರದ ಅಂತ್ಯ. 1960ರಲ್ಲೇ ಲಾಹೋರಿನಲ್ಲಿ ಪಾಕಿಸ್ತಾನದ ಅಬ್ದುಲ್ ಖಾಲಿಕ್ ಅವರ ಎದುರು ಮಿಲ್ಖಾ ಗೆದ್ದ ಓಟವನ್ನು ಚಿತ್ರ ಕೊನೆಗಿಡುತ್ತದೆ. ‘ಹಾರುವ ಸಿಖ್’ ಎಂಬ ಬಿರುದು ಜನರಲ್ ಅಯೂಬ್ ಖಾನ್ ಅವರ ಬಾಯಿಂದ ಬಂದುದು ಈ ಓಟದ ಬಳಿಕ. ಚಿತ್ರದಲ್ಲಿ ಬಾಲಕ ಮಿಲ್ಖಾ ಬೆಳೆದ ಮಿಲ್ಖಾನ ಜೊತೆಗೆ ಓಡುತ್ತಾನೆ; ಗಾಯ ಮಾಯುತ್ತದೆ; ರೋಮ್‌ನ ಸಾಲ ಲಾಹೋರಿನಲ್ಲಿ ತೀರುತ್ತದೆ. ಹಡ್ಸನ್ ಚಿತ್ರದಂತೆಯೇ ಇಲ್ಲಿಯೂ ಸೋಲು ಮೊದಲು, ಗೆಲುವು ಕೊನೆಗೆ. ಆದರೆ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನವನ್ನು ಎರಡು ದೇಶಗಳ ಸ್ನೇಹಕೂಟದ ಗೆಲುವು ತೀರಿಸಬಲ್ಲುದೇ? ಕ್ರೀಡೆಯ ಲೆಕ್ಕದಲ್ಲಿ ತೀರಿಸಲಾರದು. ರಾಷ್ಟ್ರದ ಭಾವನೆಯ ಲೆಕ್ಕದಲ್ಲಿ ಮಾತ್ರ ತೀರಿಸಬಲ್ಲುದು. ಒಂದು ಲೆಕ್ಕದ ಸಾಲವನ್ನು ಇನ್ನೊಂದು ಲೆಕ್ಕದಿಂದ ತೀರಿಸಿದುದನ್ನು ಚಿತ್ರ ಪ್ರೇಕ್ಷಕನ ಗಮನಕ್ಕೆ ಬಾರದಂತೆ ಸಂಗೀತದಲ್ಲಿ ಮುಳುಗಿಸುತ್ತದೆ. 2021ರಲ್ಲಿ ನಿಧನರಾಗುವವರೆಗೂ ಮಿಲ್ಖಾ ಸಿಂಗ್ ರೋಮ್ ಓಟವನ್ನು ಮರೆಯಲಿಲ್ಲ. ಅವರು ಮರೆಯದ್ದನ್ನು ಅವರ ಚಿತ್ರ ಪ್ರೇಕ್ಷಕರಿಗೆ ಮರೆಸಿತು.

5

ಇದೇ ಕಾಲದ, ಇದೇ ಸೈನ್ಯದ ಇನ್ನೊಬ್ಬ ಓಟಗಾರನನ್ನು ಕುರಿತದ್ದು ತಿಗ್ಮಾಂಶು ಧೂಲಿಯಾ ಅವರ ‘ಪಾನ್ ಸಿಂಗ್ ತೋಮರ್’. 2012ರಲ್ಲಿ ಬಿಡುಗಡೆಯಾದ ಈ ಚಿತ್ರ ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ, ಇರ್ಫಾನ್ ಖಾನ್ ಅವರಿಗೆ ನಟನೆಯ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಎರಡು ಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತ. ಪಾನ್ ಸಿಂಗ್ ಕೂಡ ಹಸಿವಿನಿಂದಲೇ ಓಟಕ್ಕೆ ಬಂದವನು. ಕ್ರೀಡಾ ವಿಭಾಗದಲ್ಲಿ ಊಟಕ್ಕೆ ಮಿತಿಯಿಲ್ಲವೆಂಬುದೇ ಅವನಿಗಿದ್ದ ಆಕರ್ಷಣೆ. ಮೇಲಧಿಕಾರಿಯ ಮನೆಗೆ ಐಸ್‌ಕ್ರೀಮ್ ಕರಗುವ ಮೊದಲೇ ಓಡಿ ತಲುಪಿಸುವ ಪ್ರಸಂಗದಲ್ಲಿ ಅವನ ವೇಗದ ಪರಿಚಯವಾಗುತ್ತದೆ. ನಗೆ ತರಿಸುವ ಆ ದೃಶ್ಯದಲ್ಲೇ ಒಂದು ಸೂಚನೆಯಿದೆ: ಈ ಮನುಷ್ಯನ ಓಟ ಯಾವಾಗಲೂ ಬೇರೆಯವರ ಉಪಯೋಗಕ್ಕೆ ಸಲ್ಲುವುದು.

ಚರಿತ್ರೆಯ ಪಾನ್ ಸಿಂಗ್ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಏಳು ಬಾರಿ ರಾಷ್ಟ್ರೀಯ ವಿಜೇತ. 1958ರ ಟೋಕಿಯೋ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಜಮೀನಿನ ಜಗಳದಿಂದ ಚಂಬಲ್ ಕಣಿವೆಯನ್ನು ಸೇರಿ, 1981ರ ಅಕ್ಟೋಬರ್ 1ರಂದು ಪೊಲೀಸರ ಗುಂಡಿಗೆ ಬಲಿಯಾದವರು. ಸ್ಟೀಪಲ್‌ಚೇಸ್ ಎಂಬ ಓಟದ ಸ್ವರೂಪವನ್ನೇ ಚಿತ್ರ ತನ್ನ ಅರ್ಥಕ್ಕೆ ಬಳಸಿಕೊಂಡಿದೆ. ಈ ಓಟದಲ್ಲಿ 28 ಬಾರಿ ತಡೆಗಳನ್ನೂ 7 ಬಾರಿ ನೀರಿನ ಗುಂಡಿಯನ್ನೂ ದಾಟಬೇಕು. ಸಾಮಾನ್ಯ ತಡೆ ಓಟದಲ್ಲಿ ಕಾಲು ತಾಗಿದರೆ ತಡೆ ಉರುಳುತ್ತದೆ. ಇಲ್ಲಿ ತಡೆ ಅಲುಗದು, ಓಟಗಾರನೇ ಉರುಳುತ್ತಾನೆ. ಚಿತ್ರದ ಉತ್ತರಾರ್ಧದಲ್ಲಿ ಕಣಿವೆಯ ದಿಬ್ಬ ತಗ್ಗುಗಳಲ್ಲಿ ಕೋವಿ ಹಿಡಿದು ಓಡುವ ಮನುಷ್ಯ ಅದೇ ಓಟಗಾರ, ಅದೇ ಓಟ. ಹೊರಗಿನಿಂದ ತಂದ ಕಾರಣ ಇಲ್ಲಿ ಹೇರಿಕೆಯಾಗಿಲ್ಲ. ಓಟದ ರಚನೆಯಿಂದಲೇ ಅದು ಮೂಡಿಬಂದಿದೆ.

ಚಿತ್ರದ ಹೃದಯವೆನ್ನಬಹುದಾದ ದೃಶ್ಯ ಠಾಣೆಯದು. ದಾಯಾದಿಗಳಿಂದ ನೊಂದ ಪಾನ್ ಸಿಂಗ್ ನ್ಯಾಯ ಕೇಳಲು ಬಂದಾಗ ತಾನು ಯಾರೆಂಬುದಕ್ಕೆ ಸಾಕ್ಷಿಯಾಗಿ ಪದಕಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಮುಂದಿಡುತ್ತಾನೆ. ಅಧಿಕಾರಿ ಅವುಗಳನ್ನು ಎತ್ತಿ ಎಸೆಯುತ್ತಾನೆ. ಕಣದಲ್ಲಿ ಗೆದ್ದ ಗೆಲುವು ಕಣದ ಹೊರಗೆ ಚಲಾವಣೆಯಾಗದ ನಾಣ್ಯವೆಂಬುದು ಆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ‘ಭಾಗ್ ಮಿಲ್ಖಾ ಭಾಗ್’ನಲ್ಲಿ ಗೆಲುವು ಸೋಲನ್ನು ಅಳಿಸಿದರೆ ಇಲ್ಲಿ ಸೋಲು ಗೆಲುವನ್ನು ಪ್ರಶ್ನಿಸುತ್ತದೆ. ಕ್ರೀಡಾಪಟುವೆಂಬ ಕಾರಣಕ್ಕೆ ಯುದ್ಧಕ್ಕೆ ಹೋಗಲು ಒಪ್ಪಿಗೆ ಸಿಗದ ಸೈನಿಕ, ತನ್ನ ಜಮೀನಿಗಾಗಿ ಕೋವಿ ಹಿಡಿಯಬೇಕಾಗುವ ವ್ಯಂಗ್ಯವನ್ನು ಚಿತ್ರ ಕೂಗಿ ಹೇಳುವುದಿಲ್ಲ. ತನ್ನನ್ನು ಡಕಾಯಿತನೆಂದು ಕರೆದಾಗ ತಾನು ಬಂಡಾಯಗಾರನೆಂದು ತಿದ್ದುವ ಪಾನ್ ಸಿಂಗ್‌ನಲ್ಲಿ ನಮ್ಮ ಹಳೆಯ ಕಾವ್ಯದ ಛಲವಂತರ ಚಹರೆ ಕಾಣುತ್ತದೆ. ಅವನು ಮಾಡಿದ ಕೊಲೆಗಳನ್ನು ಚಿತ್ರ ಸಮರ್ಥಿಸುವುದಿಲ್ಲ, ಮರೆಮಾಡುವುದೂ ಇಲ್ಲ. ಹೀಗಿರುವಾಗಲೂ ಚಿತ್ರ ನೋಡಿ ಹೊರಬಂದವನಲ್ಲಿ ಒಂದು ಉತ್ಸಾಹ ಉಳಿಯುತ್ತದೆ. ಉತ್ಸಾಹವು ವೀರರಸದ ಸ್ಥಾಯಿ. ಅದು ಫಲವನ್ನಲ್ಲ, ಕ್ರಿಯೆಯನ್ನು ಅವಲಂಬಿಸಿದ್ದು. ಫಲ ಕೈತಪ್ಪಿದಾಗಲೂ ಉತ್ಸಾಹ ಉಳಿಯಬಹುದೆಂಬ ಲಾಕ್ಷಣಿಕರ ತಿಳಿವಳಿಕೆಯನ್ನು ಈ ಚಿತ್ರ ಸಮರ್ಥಿಸುತ್ತದೆ.

6

ಸೋಲು ಗೆಲುವುಗಳ ಅರ್ಥವನ್ನೇ ಅದಲು ಬದಲು ಮಾಡಿದ ಎರಡು ಚಿತ್ರಗಳನ್ನು ಇಲ್ಲಿ ನೆನೆಯಬೇಕು. ಇರಾನಿನ ಮಾಜಿದ್ ಮಜೀದಿ ಅವರ ‘ಚಿಲ್ಡ್ರನ್ ಆಫ್ ಹೆವನ್’ (1997) ಚಿತ್ರದಲ್ಲಿ ಅಲಿ ಎಂಬ ಬಾಲಕ ತಂಗಿ ಜಹ್ರಾಳ ಹರಿದ ಬೂಟನ್ನು ಹೊಲಿಸಿ ತರುವಾಗ ಕಳೆದುಹಾಕುತ್ತಾನೆ. ತಂದೆಯ ಬಡತನವನ್ನು ಬಲ್ಲ ಮಕ್ಕಳು ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡು ಅಲಿಯ ಒಂದೇ ಜೊತೆ ಬೂಟನ್ನು ಹಂಚಿಕೊಳ್ಳುತ್ತಾರೆ. ತಂಗಿ ಶಾಲೆ ಮುಗಿಸಿ ಓಡಿಬಂದು ಬೂಟು ಕೊಟ್ಟ ಮೇಲೆ ಅಣ್ಣ ಅದನ್ನು ಹಾಕಿಕೊಂಡು ತನ್ನ ಶಾಲೆಗೆ ಓಡುತ್ತಾನೆ. ಯಾವ ತರಬೇತುದಾರನೂ ಇಲ್ಲದೆ ದಿನದಿನವೂ ನಡೆದ ಈ ಓಟವೇ ಅವನ ಅಭ್ಯಾಸ. ಮುಂದೆ ಮಕ್ಕಳ ಓಟದ ಸ್ಪರ್ಧೆಗೆ ಅವನು ಸೇರುವುದು ಮೂರನೆಯ ಬಹುಮಾನಕ್ಕಾಗಿ, ಏಕೆಂದರೆ ಆ ಬಹುಮಾನ ಒಂದು ಜೊತೆ ಬೂಟು. ಅವನು ಮೊದಲಿಗನಾಗುತ್ತಾನೆ, ಎಲ್ಲರೂ ಅವನನ್ನು ಎತ್ತಿ ಕುಣಿಯುವಾಗ ಅವನು ಅಳುತ್ತಾನೆ.

ಇಲ್ಲಿಯೂ ನಿಧಾನಗತಿಯ ಚಿತ್ರಣವಿದೆ. ಆದರೆ ಅದು ದೇಹವನ್ನು ವೈಭವೀಕರಿಸುವುದಿಲ್ಲ. ತಂಗಿಗೆ ಕೊಟ್ಟ ಮಾತನ್ನು ನೆನೆಯುತ್ತ, ಏದುಸಿರಿಡುತ್ತ ಓಡುವ ಹುಡುಗನ ಮುಖವನ್ನು ನಮಗೆ ಹತ್ತಿರ ಮಾಡುತ್ತದೆ. ಜಗತ್ತು ಗೆಲುವೆಂದು ಕರೆಯುವುದು ಅವನ ಲೆಕ್ಕದಲ್ಲಿ ಸೋಲು. ತಂದೆ ಬೂಟು ಕೊಂಡು ತರುತ್ತಿರುವುದು ನಮಗೆ ಕಾಣುತ್ತದೆ, ಅವನಿಗೆ ಗೊತ್ತಿಲ್ಲ. ಬೊಬ್ಬೆಯೆದ್ದ ಪಾದಗಳನ್ನು ಅಂಗಳದ ಕೊಳದಲ್ಲಿ ಇಳಿಬಿಟ್ಟು ಕುಳಿತವನ ಸುತ್ತ ಹೊಂಬಣ್ಣದ ಮೀನುಗಳು ಸೇರುತ್ತವೆ. ಸಮಾಧಾನದ ಮಾತನ್ನು ಚಿತ್ರ ಅವನಿಗೆ ಹೇಳದೆಯೇ ಮುಗಿಯುತ್ತದೆ.

ಇದಕ್ಕೆ ಮೂರು ದಶಕಗಳಿಗೂ ಹಿಂದೆ, ಅಲನ್ ಸಿಲಿಟೋ ಅವರ ಕಥೆಯನ್ನು ಆಧರಿಸಿ ಟೋನಿ ರಿಚರ್ಡ್‌ಸನ್ ನಿರ್ದೇಶಿಸಿದ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್’ (1962) ಇನ್ನೂ ಮುಂದಕ್ಕೆ ಹೋಗಿತ್ತು. ಬಾಲಾಪರಾಧಿಗಳ ಸುಧಾರಣಾಗೃಹದಲ್ಲಿರುವ ಕಾಲಿನ್ ಸ್ಮಿತ್‌ನ ಓಟದ ಶಕ್ತಿಯನ್ನು ಅಲ್ಲಿಯ ಮುಖ್ಯಾಧಿಕಾರಿ ಗುರುತಿಸುತ್ತಾನೆ. ಶ್ರೀಮಂತರ ಮಕ್ಕಳ ಶಾಲೆಯೊಂದರ ವಿರುದ್ಧ ಅವನು ಗೆದ್ದರೆ ತನ್ನ ಸುಧಾರಣೆಯ ಪದ್ಧತಿಗೆ ಕೀರ್ತಿ ಬರುವುದೆಂದು ಎಣಿಸುತ್ತಾನೆ. ಸ್ಪರ್ಧೆಯ ದಿನ ಎಲ್ಲರಿಗಿಂತ ಮುಂದಿರುವ ಕಾಲಿನ್ ಅಂತಿಮ ಗೆರೆಯ ಮುಂದೆ ನಿಂತುಬಿಡುತ್ತಾನೆ. ಹಿಂದಿನವನು ದಾಟಿ ಹೋಗುವುದನ್ನು ಮುಖ್ಯಾಧಿಕಾರಿಯ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾನೆ. ಸೋಲನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೊಂದೇ ತನ್ನ ಪಾಲಿಗೆ ಉಳಿದದ್ದೆಂದು ಕಂಡುಕೊಂಡವನ ನಡೆ ಅದು. ಇದಕ್ಕೆ ತೆರಬೇಕಾದ ಬೆಲೆಯನ್ನೂ ಚಿತ್ರ ಮುಚ್ಚಿಡುವುದಿಲ್ಲ. ಕೊನೆಯಲ್ಲಿ ಅವನು ಸುಧಾರಣಾಗೃಹದ ಕಾರ್ಯಾಗಾರದಲ್ಲಿ ಹಳೆಯ ಅನಿಲ ಮುಖವಾಡಗಳನ್ನು ಬಿಚ್ಚುತ್ತ ಕುಳಿತಿರುತ್ತಾನೆ. ಇದನ್ನು ಸ್ಫೂರ್ತಿದಾಯಕ ಚಿತ್ರಗಳ ಪಟ್ಟಿಯಲ್ಲಿ ಯಾರೂ ಸುಲಭವಾಗಿ ಸೇರಿಸರು. ಆದರೆ ಓಟ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಚಿತ್ರ ವಿರಳ.

7

ಆ ಪ್ರಶ್ನೆ ನಮ್ಮ ದೇಶದ ಸಂದರ್ಭದಲ್ಲಿ ಎಷ್ಟು ತೀವ್ರವಾದದ್ದೆಂಬುದನ್ನು ಸೌಮೇಂದ್ರ ಪಾಢಿ ಅವರ ‘ಬುಧಿಯಾ ಸಿಂಗ್: ಬಾರ್ನ್ ಟು ರನ್’ (2016) ತೋರಿಸುತ್ತದೆ. 2006ರಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಪುರಿಯಿಂದ ಭುವನೇಶ್ವರದ ವರೆಗೆ 65 ಕಿಲೋಮೀಟರ್ ಓಡಿದನು. ಅವನ ತರಬೇತುದಾರ ಬಿರಂಚಿ ದಾಸ್ ಉದ್ಧಾರಕನೋ ಶೋಷಕನೋ ಎಂಬ ವಾದ ಎದ್ದಿತು. ಸರಕಾರ ಬಾಲಕನ ದೂರದ ಓಟಗಳನ್ನು ನಿಷೇಧಿಸಿತು. 2008ರಲ್ಲಿ ತರಬೇತುದಾರನ ಕೊಲೆಯಾಯಿತು. ಮನೋಜ್ ಬಾಜಪೇಯಿ ಅವರ ಅಭಿನಯದಲ್ಲಿ ಬಿರಂಚಿಯ ಪ್ರೀತಿಯೂ ಮಹತ್ವಾಕಾಂಕ್ಷೆಯೂ ಬೇರ್ಪಡಿಸಲಾರದಂತೆ ಬೆರೆತಿವೆ. ಸ್ಫೂರ್ತಿ ಪಡೆಯುವವರು ನಾವು, ಓಡುವುದು ಒಂದು ಮಗುವಿನ ದೇಹ ಎಂಬ ಅರಿವು ಪ್ರೇಕ್ಷಕನನ್ನು ಅಸ್ವಸ್ಥಗೊಳಿಸುತ್ತದೆ. ಈ ಅಸ್ವಾಸ್ಥ್ಯವನ್ನು ಹುಟ್ಟಿಸಿದ್ದೇ ಚಿತ್ರದ ಪ್ರಾಮಾಣಿಕತೆ.

ದೇಹದ ಪ್ರಸ್ತಾಪ ಬಂದಾಗ ಕನ್ನಡಿಗರಿಗೆ ಹತ್ತಿರವಾದ ಒಂದು ಉದಾಹರಣೆಯನ್ನು ಮರೆಯುವಂತಿಲ್ಲ. ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ ಅವರು 1991ರ ‘ಅಶ್ವಿನಿ’ ಎಂಬ ತೆಲುಗು ಚಿತ್ರದಲ್ಲಿ ನಾಯಕಿಯಾಗಿ ನಟಿಸಿದರು. ಮೇಲೆ ಚರ್ಚಿಸಿದ ಚಿತ್ರಗಳಲ್ಲೆಲ್ಲ ನಟರು ಓಟಗಾರರಂತೆ ಓಡಲು ಶ್ರಮಿಸಿದ್ದಾರೆ. ಇಲ್ಲಿ ಓಟಗಾರ್ತಿ ನಟಿಯಾಗಲು ಶ್ರಮಿಸಿದ್ದಾರೆ. ಜನಪ್ರಿಯ ಚಿತ್ರದ ರೂಢಿಗಳ ನಡುವೆಯೂ, ಪಿ. ಟಿ. ಉಷಾ ಅವರೊಡನೆ ನಿಜವಾಗಿ ಓಡಿದ ಒಂದು ಮೈ ಪರದೆಯ ಮೇಲೆ ಓಡುವಾಗ ಅದಕ್ಕೆ ಬೇರೆ ಕಾರಣದ ಊರುಗೋಲು ಬೇಕಾಗುವುದಿಲ್ಲ. ಮುಂಬಯಿಯ ಮತ್ತು ಲಂಡನ್ನಿನ ಪ್ರಸಿದ್ಧ ಚಿತ್ರಗಳು ಪುರುಷರ ಓಟವನ್ನೇ ಮಾದರಿಯಾಗಿ ನಿಲ್ಲಿಸಿರುವಾಗ, ಹೈದರಾಬಾದಿನಲ್ಲಿ ತಯಾರಾದ ಈ ಚಿತ್ರಕ್ಕೆ ಓಟದ ಚಿತ್ರಗಳ ಚರಿತ್ರೆಯಲ್ಲಿ ಒಂದು ಸ್ಥಾನ ಸಲ್ಲಬೇಕು.

8

ಮೇಲಿನ ವಿವೇಚನೆಯಿಂದ ಹೊರಡುವ ಫಲಿತವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಓಟದ ಚಿತ್ರವು ಸೋಲಿಗೆ ದೊಡ್ಡ ಕಾರಣವನ್ನು ಹುಡುಕಿ, ಅದನ್ನು ಕೊನೆಯ ಗೆಲುವಿನಿಂದ ತೀರಿಸಿದಾಗ ಅದು ಹುಟ್ಟಿಸುವ ಸ್ಫೂರ್ತಿ ಚಿತ್ರಮಂದಿರದ ಬಾಗಿಲವರೆಗೆ ಬರುತ್ತದೆ. ಗೆದ್ದವರಿಗೆ ಅದರ ಅಗತ್ಯವಿಲ್ಲ; ಸೋತವರಿಗೆ ಅದು ಎಟಕುವುದಿಲ್ಲ. ರೋಮ್‌ನ ಆ ಓಟದಲ್ಲಿ ಆರು ಮಂದಿ ಓಡಿದರು, ಒಬ್ಬರು ಗೆದ್ದರು. ಯಾವ ಓಟದ ಲೆಕ್ಕವೂ ಇದಕ್ಕಿಂತ ಭಿನ್ನವಲ್ಲ. ಶಾಲೆಯ ಮೈದಾನದಲ್ಲಿ ಓಡುವ ಮಕ್ಕಳಲ್ಲಿ ಬಹುಪಾಲು ಮಕ್ಕಳು ಸೋಲಲೇಬೇಕಾಗಿರುವಾಗ, ಅವರಿಗೆ ನಾವು ತೋರಿಸುವ ಚಿತ್ರಗಳು ಸೋಲನ್ನು ಗೆಲುವಿಗೆ ಮೊದಲಿನ ಒಂದು ತಂಗುದಾಣವೆಂದಷ್ಟೇ ಕಲಿಸಿದರೆ, ಮುಂದೆ ಗೆಲುವು ಬಾರದವನು ತನ್ನ ಓಟಕ್ಕೆ ಅರ್ಥವೇ ಇಲ್ಲವೆಂದು ತಿಳಿಯುವ ಅಪಾಯವಿದೆ.

ರನ್ನನು ವಿಜಯವನ್ನು ಭೀಮನಿಗೆ ಕೊಟ್ಟು, ಕಾವ್ಯವನ್ನು ದುರ್ಯೋಧನನಿಗೆ ಕೊಟ್ಟನು. ಎಸೆದ ಪದಕಗಳನ್ನು ನೋಡುತ್ತ ನಿಂತ ಪಾನ್ ಸಿಂಗ್‌ಗೂ, ಕೊಳದಲ್ಲಿ ಕಾಲಿಟ್ಟು ಕುಳಿತ ಅಲಿಗೂ ಅವರ ನಿರ್ದೇಶಕರು ಅಂಥ ಒಂದು ದಾನವನ್ನು ಮಾಡಿದ್ದಾರೆ. 45.5 ಸೆಕೆಂಡಿಗೂ 45.6 ಸೆಕೆಂಡಿಗೂ ನಡುವಿನ ಅಂತರವನ್ನು ಬೇರಾವುದರಿಂದಲೂ ತುಂಬದೆ, ಅದರೊಳಗೆ ನಿಂತ ಮನುಷ್ಯನನ್ನು ಹಾಗೆಯೇ ತೋರಿಸುವ ಚಿತ್ರ ನಮ್ಮಲ್ಲಿ ಇನ್ನು ಬರಬೇಕಾಗಿದೆ.